ಗಲ್ಲಾ ಮುಂದೆ ಬಾಯಿ ಬಿಡದವರ ಒಂದು ಸ್ಟಾರ್

‘ಒಳ್ಳೆ ತಿಂಡಿ ಕೊಡುವವನಿಗೆ ರಿವ್ಯೂ ಕಂಡರೆ ಭಯವೇಕೆ?’ ಹೋಟೆಲಿನವರು ಗೂಗಲ್ ರೇಟಿಂಗಿನ ಬಗ್ಗೆ ಚಕಾರ ಎತ್ತಿದರೆ ಸಾಕು, ಈ ಪ್ರಶ್ನೆ ಅವರ ಮುಖಕ್ಕೆ ರಾಚುತ್ತದೆ. ಕೇಳುವವರ ದನಿಯಲ್ಲಿ ಎಂಥ ಠೀವಿ! ಸ್ಟಾರ್ ಒತ್ತುವುದು ಮತ ಹಾಕಿದಷ್ಟೇ ಪವಿತ್ರ ಕೆಲಸವಂತೆ, ರಿವ್ಯೂ ಎಂಬುದು ಜನಸಾಮಾನ್ಯನ ಕೈಗೆ ಬಂದ ಪ್ರಜಾಪ್ರಭುತ್ವವಂತೆ. ಮತ ಹಾಕಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು, ಗುರುತಿನ ಚೀಟಿ ತೋರಿಸಬೇಕು, ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಬೇಕು. ಗೂಗಲ್ ಮ್ಯಾಪಿನಲ್ಲಿ ಒಂದು ಹೋಟೆಲಿನ ಮಾನ ಕಳೆಯಲು ಇವ್ಯಾವುದೂ ಬೇಡ. ಆ ಹೋಟೆಲಿನ ಮೆಟ್ಟಿಲು ತುಳಿದಿರಬೇಕೆಂಬ ಖಾತರಿಯೂ ಬೇಡ. ಒಂದು ಜಿಮೇಲ್ ಖಾತೆ, ಅದಕ್ಕೊಂದು ಸೂರ್ಯಾಸ್ತದ ಫೋಟೊ, ಒಂದಿಷ್ಟು ಸಿಟ್ಟು ಇದ್ದರಾಯಿತು. ಇದನ್ನು ಪ್ರಜಾಪ್ರಭುತ್ವ ಎನ್ನುವವರು ಚುನಾವಣೆಯನ್ನು ಹತ್ತಿರದಿಂದ ನೋಡಿದವರಲ್ಲ.

ರಿವ್ಯೂ ಭಕ್ತರು ಎದೆ ತಟ್ಟಿಕೊಂಡು ಹೇಳುವ ಒಂದು ಅಂಕಿಯಿದೆ. ಅಲ್ಲಿಂದಲೇ ಶುರು ಮಾಡೋಣ. 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಲೆಕ್ಕ ತೆಗೆದರು. ಒಂದು ಕೈಯಲ್ಲಿ ಯೆಲ್ಪ್ ಎಂಬ ರಿವ್ಯೂ ಜಾಲತಾಣದ ಸ್ಟಾರುಗಳು, ಇನ್ನೊಂದು ಕೈಯಲ್ಲಿ ವಾಷಿಂಗ್ಟನ್ ರಾಜ್ಯದ ತೆರಿಗೆ ಇಲಾಖೆಯಲ್ಲಿದ್ದ ವಹಿವಾಟಿನ ಅಂಕಿಗಳು. ಒಂದು ಸ್ಟಾರ್ ಏರಿದರೆ ವರಮಾನ ಶೇ 5ರಿಂದ 9ರಷ್ಟು ಏರುತ್ತದೆ ಎಂದು ಅವರು ಕಂಡುಕೊಂಡರು. ನೋಡಿದಿರಾ, ಗುಣಕ್ಕೆ ಬೆಲೆ ಸಿಕ್ಕಿತು ಎಂದು ಕುಣಿಯುವವರು ಲೂಕಾ ಇದನ್ನು ಕಂಡುಹಿಡಿದ ಬಗೆಯನ್ನು ಮಾತ್ರ ಹೇಳುವುದಿಲ್ಲ. ಯೆಲ್ಪ್ ಆಗ ಸರಾಸರಿ ಅಂಕವನ್ನು ಹತ್ತಿರದ ಅರ್ಧ ಸ್ಟಾರಿಗೆ ಏರಿಸಿಯೋ ಇಳಿಸಿಯೋ ತೋರಿಸುತ್ತಿತ್ತು. 3.24 ಬಂದ ಹೋಟೆಲಿಗೆ ಮೂರು ಸ್ಟಾರ್, 3.26 ಬಂದದ್ದಕ್ಕೆ ಮೂರೂವರೆ. ಎರಡರ ಅಡುಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಎರಡಕ್ಕೂ ಬಂದ ಜನರ ಮೆಚ್ಚುಗೆಯಲ್ಲೂ ಇಲ್ಲ. ಆದರೂ ಮೂರೂವರೆಯವನ ಗಲ್ಲಾ ತುಂಬಿತು, ಮೂರರವನದು ತುಂಬಲಿಲ್ಲ. ಅಂದರೆ ಗಿರಾಕಿ ಹಿಂಬಾಲಿಸಿದ್ದು ರುಚಿಯನ್ನಲ್ಲ, ಕಂಪ್ಯೂಟರು ದಶಾಂಶವನ್ನು ಯಾವ ಕಡೆಗೆ ತಳ್ಳಿತು ಎಂಬುದನ್ನು. ಗುಣಕ್ಕೆ ಬೆಲೆ ಸಿಕ್ಕಿತು ಎನ್ನಲು ಉದ್ಧರಿಸುವ ಅಧ್ಯಯನವೇ ಗುಣ ಒಂದೇ ಇದ್ದಾಗಲೂ ಬೆಲೆ ಬೇರೆಯಾಯಿತು ಎನ್ನುತ್ತಿದೆ! 3.24 ಬಂದವನು ಮಾಡಿದ ಪಾಪವೇನು? ಯಾವನೋ ಒಬ್ಬ ಪುಣ್ಯಾತ್ಮ ಮಳೆಯಲ್ಲಿ ನೆನೆದು ಬಂದು, ಮೇಜು ಖಾಲಿಯಿಲ್ಲದ್ದಕ್ಕೆ ಮುನಿಸಿಕೊಂಡು ಒಂದು ಸ್ಟಾರ್ ಒತ್ತಿದ್ದರೂ ಆಯಿತಲ್ಲ.

ಅದೇ ಅಧ್ಯಯನದ ಇನ್ನೊಂದು ಸಾಲು ಇದಕ್ಕಿಂತ ಮುಖ್ಯ. ಈ ಏರಿಳಿತವೆಲ್ಲ ಸ್ವತಂತ್ರ ಹೋಟೆಲುಗಳದ್ದು, ಚೈನ್ ಹೋಟೆಲುಗಳಿಗೆ ಸ್ಟಾರುಗಳ ಬಿಸಿ ತಾಗಲೇ ಇಲ್ಲ. ಯಾಕೆ ತಾಗಬೇಕು? ಮ್ಯಾಕ್‌ಡೊನಾಲ್ಡ್ಸಿನಲ್ಲಿ ಏನು ಸಿಗುತ್ತದೆಂದು ಊರಿಗೆಲ್ಲ ಗೊತ್ತು, ಜಾಹೀರಾತಿಗೆ ಕೋಟಿ ಸುರಿದವನಿಗೆ ಸ್ಟಾರಿನ ಹಂಗಿಲ್ಲ. ಪೆಟ್ಟು ಬೀಳುವುದು ಗಂಡ ಒಲೆಯ ಮುಂದೆ, ಹೆಂಡತಿ ಗಲ್ಲಾದಲ್ಲಿ ಕೂತು ನಡೆಸುವ ಹೋಟೆಲಿಗೆ. ಇಲ್ಲಿ ಜಾಣರೊಬ್ಬರು ಅಡ್ಡಬಾಯಿ ಹಾಕುತ್ತಾರೆ: ಯೆಲ್ಪ್ ಬಂದ ಮೇಲೆ ಚೈನ್ ಹೋಟೆಲುಗಳ ಮಾರುಕಟ್ಟೆ ಪಾಲು ಕುಗ್ಗಿತು ಎಂದೂ ಲೂಕಾ ಬರೆದಿದ್ದಾರಲ್ಲ, ಅಂದ ಮೇಲೆ ಚಿಕ್ಕವರಿಗೆ ಲಾಭವೇ ಆಯಿತಲ್ಲ? ಆಯಿತು, ‘ಚಿಕ್ಕವರು’ ಎಂಬ ಗುಂಪಿಗೆ. ಗುಂಪಿಗೆ ಬಾಡಿಗೆ ಕಟ್ಟುವ ತಲೆಬಿಸಿಯಿಲ್ಲ, ಬ್ಯಾಂಕಿನ ಕಂತಿಲ್ಲ. ಕಂತು ಕಟ್ಟುವವನು ಒಬ್ಬೊಬ್ಬನೇ ಹೋಟೆಲಿನವನು, ಅವನ ಜುಟ್ಟು ಈಗ ಸ್ಯಾನ್ ಫ್ರಾನ್ಸಿಸ್ಕೊದ ಯೆಲ್ಪ್ ಕಂಪನಿಯ ಕೈಯಲ್ಲಿ. ಪಕ್ಕದ ಬೀದಿಯವನು ಗೆದ್ದ ಎಂಬ ಸುದ್ದಿಯಿಂದ ಸೋತವನ ಮನೆಯ ಒಲೆ ಉರಿಯುವುದಿಲ್ಲ.

ಜುಟ್ಟು ಹಿಡಿದವರಿಗೆ ಕಾನೂನಿನ ಕಡಿವಾಣ ಎಷ್ಟಿದೆ ಎಂಬುದೂ ಅಮೆರಿಕದಲ್ಲೇ ಇತ್ಯರ್ಥವಾಗಿದೆ. ಜಾಹೀರಾತು ಕೊಡದಿದ್ದರೆ ಒಳ್ಳೆಯ ರಿವ್ಯೂಗಳು ಮಾಯವಾಗುತ್ತವೆ ಎಂದು ಕೆಲವು ಸಣ್ಣ ವ್ಯಾಪಾರಿಗಳು ಯೆಲ್ಪ್ ಮೇಲೆ ದಾವೆ ಹೂಡಿದ್ದರು. ಯೆಲ್ಪ್ ಅದನ್ನು ಕೊನೆತನಕ ಅಲ್ಲಗಳೆಯಿತು. 2014ರ ಸೆಪ್ಟೆಂಬರಿನಲ್ಲಿ ಒಂಬತ್ತನೇ ಸರ್ಕಿಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆರೋಪ ನಿಜವೋ ಸುಳ್ಳೋ ಎಂದು ನೋಡುವ ಗೋಜಿಗೇ ಹೋಗಲಿಲ್ಲ. ನಿಜವೆಂದು ಇಟ್ಟುಕೊಂಡರೂ ಅದು ಸುಲಿಗೆಯಾಗುವುದಿಲ್ಲ, ಹೆಚ್ಚೆಂದರೆ ಬಿಗಿಯಾದ ಚೌಕಾಸಿ, ಒಳ್ಳೆಯ ರಿವ್ಯೂ ಅಲ್ಲಿ ಕಾಣಲೇಬೇಕೆಂಬ ಹಕ್ಕು ವ್ಯಾಪಾರಿಗೆ ಇಲ್ಲವೇ ಇಲ್ಲ ಎಂದಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾದ ರಿಚ್ಮಂಡಿನಲ್ಲಿ ಬೊಟ್ಟೊ ಬಿಸ್ಟ್ರೊ ಎಂಬ ಇಟಾಲಿಯನ್ ಹೋಟೆಲು ನಡೆಸುತ್ತಿದ್ದ ಡೇವಿಡೆ ಚೆರೆಟೀನಿ ಬೇರೆಯೇ ದಾರಿ ಹಿಡಿದರು. ನಮಗೆ ಒಂದೇ ಸ್ಟಾರ್ ಕೊಡಿ, ಪಿಜ್ಜಾಕ್ಕೆ ರಿಯಾಯಿತಿ ಪಡೆಯಿರಿ ಎಂದು ಸಾರಿದರು. ಊರಿನ ಅತ್ಯಂತ ಕಳಪೆ ಹೋಟೆಲು ಎನಿಸಿಕೊಳ್ಳುವುದೇ ಅವರ ಗುರಿ. ಜನ ಹೊಟ್ಟೆ ತುಂಬ ತಿಂದು, ಹೊಟ್ಟೆ ತುಂಬ ನಕ್ಕು, ನಾನಾ ಬಗೆಯ ಬೈಗುಳ ಬರೆದು ಹೋದರು. ವ್ಯಾಪಾರ ಬಿದ್ದುಹೋಗಲಿಲ್ಲ. ರಿವ್ಯೂ ಸಾಮ್ರಾಜ್ಯಕ್ಕೆ ಇಷ್ಟು ಸೊಗಸಾಗಿ ಮಂಗಳಾರತಿ ಎತ್ತಿದವರು ಇನ್ನೊಬ್ಬರಿಲ್ಲ.

ಸ್ಟಾರಿಗೆ ಇಷ್ಟು ಬೆಲೆಯಿದ್ದ ಮೇಲೆ ಅದರ ಕಳ್ಳಸಂತೆ ಹುಟ್ಟದಿರುತ್ತದೆಯೇ? ಬಾಸ್ಟನ್ ನಗರದ ಹೋಟೆಲು ರಿವ್ಯೂಗಳಲ್ಲಿ ಸುಮಾರು ಶೇ 16ರಷ್ಟನ್ನು ಯೆಲ್ಪಿನ ಸೋಸುವ ವ್ಯವಸ್ಥೆಯೇ ಅನುಮಾನಾಸ್ಪದ ಎಂದು ಪಕ್ಕಕ್ಕಿಟ್ಟಿತ್ತು. ಇದನ್ನು ಲೂಕಾ ಮತ್ತು ಜಾರ್ಜೋಸ್ ಜೆರ್ವಾಸ್ 2016ರಲ್ಲಿ ಪ್ರಕಟಿಸಿದರು. ಇಲ್ಲಿಯೂ ಅದೇ ಕಥೆ: ಚೈನ್ ಹೋಟೆಲಿನವರಿಗೆ ಸುಳ್ಳು ಬರೆಸುವ ಜರೂರು ಕಡಿಮೆ, ಹೆಸರು ಗಟ್ಟಿಯಾಗದ ಸ್ವತಂತ್ರ ಹೋಟೆಲಿನವರು ಆ ಹಳ್ಳಕ್ಕೆ ಬೀಳುವುದು ಹೆಚ್ಚು. 2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ತನ್ನ ಹಿತ್ತಲಿನ ಶೆಡ್ಡನ್ನೇ ಹೋಟೆಲೆಂದು ಟ್ರಿಪ್‌ಅಡ್ವೈಸರ್ ಎಂಬ ರಿವ್ಯೂ ತಾಣದಲ್ಲಿ ಹಾಕಿದ. ಶೇವಿಂಗ್ ಫೋಮಿನಿಂದ ಭಕ್ಷ್ಯ ಮಾಡಿ ಫೋಟೊ ತೆಗೆದ, ಪರಿಚಿತರಿಂದ ಹೊಗಳಿಸಿದ. ಒಂದು ತಟ್ಟೆ ಊಟವನ್ನೂ ಬಡಿಸದೆ 18,000ಕ್ಕೂ ಹೆಚ್ಚು ಹೋಟೆಲುಗಳನ್ನು ಹಿಂದಿಕ್ಕಿ ಲಂಡನ್ನಿಗೇ ಮೊದಲನೆಯವನಾದ. ನಮ್ಮಲ್ಲಿಯಂತೂ ರಿವ್ಯೂಗೆ ಇಂತಿಷ್ಟು ಎಂದು ದರ ನಿಗದಿಯಾಗಿರುವುದು ಬೆಂಗಳೂರಿನ ಸೈಬರ್ ಠಾಣೆಗಳಿಗೆ ಚೆನ್ನಾಗಿ ಗೊತ್ತು. ಮನೆಯಲ್ಲೇ ಕೂತು ಹೋಟೆಲಿಗೆ ಐದು ಸ್ಟಾರ್ ಒತ್ತಿ, ನೂರಿನ್ನೂರು ರೂಪಾಯಿ ಗಳಿಸಿ ಎಂದು ಟೆಲಿಗ್ರಾಮಿನಲ್ಲಿ ಗಾಳ ಹಾಕಿ, ಮೊದಲು ಸ್ವಲ್ಪ ಕೊಟ್ಟು, ಆಮೇಲೆ ಲಕ್ಷಗಟ್ಟಲೆ ನುಂಗುವ ವಂಚನೆಗೆ ಓದಿದವರೇ ಬಲಿಯಾಗುತ್ತಿದ್ದಾರೆ. ಕಾಣದ ಹೋಟೆಲನ್ನು ಹೊಗಳಲು ದುಡ್ಡು ಸಿಗುವುದು ಅವರಿಗೆ ಒಂದಿಷ್ಟೂ ವಿಚಿತ್ರ ಅನ್ನಿಸದಿರುವುದೇ ಈ ದಂಧೆಯ ಬಂಡವಾಳ.

ದೂರು ಹೇಳಲೇಬಾರದೇ ಹಾಗಾದರೆ? ಧಾರಾಳವಾಗಿ ಹೇಳಿ. ದರ್ಶಿನಿಯಲ್ಲಿ ಚಟ್ನಿ ಹುಳಿಯಾಗಿದ್ದರೆ ತಟ್ಟೆ ಹಿಡಿದುಕೊಂಡು ಗಲ್ಲಾ ಹತ್ತಿರ ಹೋಗಿ ‘ಸ್ವಾಮಿ, ನೀವೇ ಒಂದು ಸಲ ನೋಡಿ’ ಎನ್ನುವ ಕ್ರಮವೊಂದಿತ್ತು. ಮಾಲೀಕ ಮೂಸಿ ನೋಡಿ, ಒಳಗಿನವನನ್ನು ಕೂಗಿ, ‘ಬೇರೆ ಕೊಡೋ ಇವರಿಗೆ’ ಎನ್ನುತ್ತಿದ್ದ. ಬೆಳಿಗ್ಗೆ ರುಬ್ಬಿದ ಚಟ್ನಿಯ ಪಾತ್ರೆ ಅಲ್ಲಿಗೆ ಬದಿಗೆ ಸರಿಯುತ್ತಿತ್ತು, ಮುಂದಿನ ಹತ್ತು ಜನರ ಹೊಟ್ಟೆ ಉಳಿಯುತ್ತಿತ್ತು. ಈಗಿನ ವೀರರು ಹಾಗೆ ಮಾಡುವುದಿಲ್ಲ. ಸಪ್ಲೈಯರ್ ‘ಹೇಗಿದೆ ಸರ್’ ಎಂದರೆ ತಲೆಯಾಡಿಸುತ್ತಾರೆ, ಬಿಲ್ ಕೊಟ್ಟು ಎದ್ದು ಹೋಗಿ, ರಾತ್ರಿ ಹಾಸಿಗೆಯಲ್ಲಿ ಉರುಳಿಕೊಂಡು ಹುಳಿ ಚಟ್ನಿಯ ಮೇಲೆ ಪ್ರಬಂಧ ಬರೆಯುತ್ತಾರೆ. ಬರೆದಷ್ಟಕ್ಕೂ ಗೂಗಲ್ ಪಾಯಿಂಟು ಕೊಡುತ್ತದೆ, ‘ಲೋಕಲ್ ಗೈಡ್’ ಎಂಬ ಬಿರುದನ್ನೂ ಕೊಟ್ಟು ಮಟ್ಟ ಏರಿಸುತ್ತದೆ. ನಿಂತು ತಿನ್ನುವ ದರ್ಶಿನಿಗೆ ಕುರ್ಚಿಯಿಲ್ಲವೆಂದು, ಮಿಲ್ಟ್ರಿ ಹೋಟೆಲಿಗೆ ಏಸಿ ಇಲ್ಲವೆಂದು, ಧಾರವಾಡದ ಖಾನಾವಳಿಗೆ ಖಾರ ಜಾಸ್ತಿಯೆಂದು ಸ್ಟಾರ್ ಕತ್ತರಿಸುವವರು ಇವರೇ. ಖಾನಾವಳಿಯಲ್ಲಿ ಖಾರವಿಲ್ಲದೆ ಇನ್ನೇನು ಕೇಸರಿಬಾತು ಇರಬೇಕಿತ್ತೇ? ಆದರೆ ಸರಾಸರಿ ಕಾಪಾಡಿಕೊಳ್ಳುವ ಭಯಕ್ಕೆ ಮಾಲೀಕ ಖಾರ ಇಳಿಸುತ್ತಾನೆ, ಫೋಟೊಗೆ ಒಪ್ಪುವ ಗೋಡೆ ಮಾಡಿಸುತ್ತಾನೆ, ಮೆನುವಿಗೆ ಗೋಬಿ ಮಂಚೂರಿ ಸೇರಿಸುತ್ತಾನೆ. ಹೀಗೆ ಊರೂರಿನ ರುಚಿ ಸವೆದು, ಎಲ್ಲ ಕಡೆಯೂ ಯಾರಿಗೂ ಬೇಸರ ತರಿಸದ, ಯಾರಿಗೂ ನೆನಪೂ ಉಳಿಯದ ಅಡುಗೆ ಬೇಯುತ್ತಿದೆ.

ಈ ಚಟ ಹೋಟೆಲಿಗೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ತನ್ನ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಬರುವ ಅಪ್ರೈಸಲ್ ಅನ್ಯಾಯವೆಂದು ಗೋಳಾಡುವ ಮನುಷ್ಯನೇ ಸಂಜೆ ಆಟೊದವನಿಗೆ, ಊಟ ತಂದ ಹುಡುಗನಿಗೆ, ಮನೆಗೆ ಬಂದು ಹುಬ್ಬು ತೀಡಿದ ಹೆಣ್ಣುಮಗಳಿಗೆ ದಿನಕ್ಕೆ ಮೂರು ಅಪ್ರೈಸಲ್ ಬರೆಯುತ್ತಾನೆ. ಲಿಫ್ಟಿಲ್ಲದ ನಾಲ್ಕನೇ ಮಹಡಿಗೆ ಬಿರಿಯಾನಿ ಹೊತ್ತು ತಂದವನ ನಗು ಸಾಲಲಿಲ್ಲವೆಂದು ಮೂರು ಸ್ಟಾರ್! ರೇಟಿಂಗಿನ ಷರತ್ತುಗಳನ್ನೂ ಕೆಲಸ ಒಪ್ಪಿಕೊಳ್ಳುವ ಲೆಕ್ಕವನ್ನೂ ಮುಂದಿಟ್ಟು ಐಡಿ ಬ್ಲಾಕ್ ಮಾಡಿದ್ದರ ವಿರುದ್ಧ ಮನೆಬಾಗಿಲಿಗೆ ಸೇವೆ ಕಳಿಸುವ ಅರ್ಬನ್ ಕಂಪನಿ ಎಂಬ ಆ್ಯಪಿನ ಕೆಲಸಗಾರ್ತಿಯರು 2023ರಲ್ಲಿ ಹಲವು ನಗರಗಳಲ್ಲಿ ಬೀದಿಗಿಳಿದರು. ಯಂತ್ರವೊಂದು ಯಾವ ಲೆಕ್ಕದಲ್ಲಿ ತಮ್ಮನ್ನು ಹೊರಗಟ್ಟಿತೆಂದು ಕೇಳಲು ಒಂದು ಕಿಟಕಿಯೂ ಅವರಿಗಿರಲಿಲ್ಲ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ, ಕಾರಣ ಹೇಳದೆ ಕೆಲಸದಿಂದ ತೆಗೆಯುವಂತಿಲ್ಲ ಎಂದಿದೆ. ಬೈಕಿನ ಹುಡುಗನಿಗೆ ಕಾರಣ ಕೇಳುವ ಹಕ್ಕು ಸಿಕ್ಕಿತು, ಸಂತೋಷ. ಅವನು ಊಟ ಎತ್ತಿಕೊಳ್ಳುವ ಹೋಟೆಲಿನವನಿಗೆ ಅದೂ ಇಲ್ಲ.

ಅವನಿಗೆ ಉತ್ತರ ಬರೆಯುವ ಅವಕಾಶವಿದೆಯಲ್ಲ, ಗೂಗಲ್ ಸುಳ್ಳು ರಿವ್ಯೂಗಳನ್ನು ತೆಗೆದುಹಾಕುತ್ತಿದೆಯಲ್ಲ ಎನ್ನುತ್ತಾರೆ. 2023ರಲ್ಲಿ 17 ಕೋಟಿಗೂ ಹೆಚ್ಚು ನಿಯಮಬಾಹಿರ ರಿವ್ಯೂಗಳನ್ನು ತಡೆದೆವು ಅಥವಾ ತೆಗೆದೆವು ಎಂದು ಗೂಗಲ್ಲೇ ಹೆಮ್ಮೆಯಿಂದ ಹೇಳಿಕೊಂಡಿದೆ. 17 ಕೋಟಿ ಸಿಕ್ಕಿಬಿದ್ದವಾದರೆ ಸಿಕ್ಕಿಬೀಳದವೆಷ್ಟು ಎಂಬ ಲೆಕ್ಕ ಯಾರು ಕೊಡಬೇಕು? ಉತ್ತರ ಬರೆಯುವುದಂತೂ ಇನ್ನೊಂದು ಕ್ರೌರ್ಯ. ಬೆಳಗಿನ ಜಾವ ನಾಲ್ಕಕ್ಕೆದ್ದು ಇಡ್ಲಿ ಹಿಟ್ಟು ನೋಡುವವನು ರಾತ್ರಿ ಹನ್ನೊಂದಕ್ಕೆ ಇಂಗ್ಲಿಷಿನಲ್ಲಿ ಕ್ಷಮೆ ಯಾಚಿಸುತ್ತ ಕೂರಬೇಕು, ಕಾರ್ಪೊರೇಟ್ ಹೋಟೆಲಿಗಾದರೆ ಅದಕ್ಕೆಂದೇ ಒಬ್ಬ ಸಂಬಳದ ಹುಡುಗನಿರುತ್ತಾನೆ. ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. ರಿವ್ಯೂ ಬರೆದವರನ್ನು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂಬ ಮಾತುಗಳೆಲ್ಲ ಅದರಲ್ಲಿವೆ. ಇಷ್ಟವಿದ್ದವರು ಪಾಲಿಸಿದರೆ ಸಾಕು ಎಂದು ಬಿಟ್ಟರು, ಕಥೆ ಅಲ್ಲಿಗೆ ಮುಗಿಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರಿನಿಂದ ಸುಳ್ಳು ರಿವ್ಯೂ ಮಾರುವವರಿಗೂ ಕೊಳ್ಳುವವರಿಗೂ ಭಾರಿ ದಂಡ ಹಾಕುವ ನಿಯಮ ಜಾರಿಗೆ ತಂದಿದೆ. ನಮ್ಮ ಮಾನದಂಡವನ್ನು ಕಡ್ಡಾಯ ಮಾಡಲು ಯಾವ ಮುಹೂರ್ತಕ್ಕೆ ಕಾಯುತ್ತಿದ್ದೇವೆ?

ಪರಿಶೀಲನೆ ಕಷ್ಟ, ಜನರ ಖಾಸಗಿತನಕ್ಕೆ ಧಕ್ಕೆ ಎಂಬ ಕೊನೆಯ ನೆಪವನ್ನಂತೂ ಗೂಗಲ್ ಹೇಳುವಂತಿಲ್ಲ. ಗೂಗಲ್ ಪೇ ಡಬ್ಬಿ ಈಗ ಗಲ್ಲಾದ ಮೇಲೇ ಕೂತಿದೆ, ಹತ್ತು ರೂಪಾಯಿ ಟೀ ದುಡ್ಡು ಬಂತೆಂದು ಕೂಗಿ ಹೇಳುತ್ತದೆ. ಟೀಗೆ ದುಡ್ಡು ಕೊಟ್ಟವನು ಯಾರೆಂದು ಬಲ್ಲ ಕಂಪನಿ, ಟೀ ಬೈದವನು ಆ ಟೀ ಕುಡಿದವನೇ ಹೌದೇ ಎಂದು ಕೇಳಲಾರದೇ? ಹೆಸರು ಜಗತ್ತಿಗೆ ತೋರಿಸುವುದು ಬೇಡ, ಕಂಪನಿಗೆ ಗೊತ್ತಿದ್ದರೆ ಸಾಕು. ನಗದು ಕೊಟ್ಟವರಿಗೆ ಬಿಲ್ ಸಂಖ್ಯೆ ಇದೆ. ಬಿಲ್ಲಿಲ್ಲದೆ ಬರೆದದ್ದನ್ನು ಬೇಕಾದರೆ ಉಳಿಸಿಕೊಳ್ಳಲಿ, ಸರಾಸರಿಯ ಲೆಕ್ಕಕ್ಕೆ ಸೇರಿಸದಿರಲಿ. ಗ್ರಾಹಕರ ಆಯೋಗಕ್ಕೆ ಹೋದರೂ ಮೊದಲು ಕೇಳುವುದು ಬಿಲ್ಲನ್ನೇ.