ಮನೆಯಾಕೆಗೆ ತಿಳಿದಿರಲಿ: ಮಂತ್ರಿಯನ್ನು ಆರಿಸುವವರು ಯಾರು?



ವಿಧಾನಸಭೆಯ ಚುನಾವಣೆ ಬಂತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓಣಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಈ ಸಲ ಯಾರನ್ನ ಮುಖ್ಯಮಂತ್ರಿ ಮಾಡೋಣ್ರೀ?" ರೊಟ್ಟಿ ಬಡಿಯುತ್ತ ಒಬ್ಬಾಕೆ ಒಂದು ಹೆಸರು ಹೇಳಿದರೆ, ಕಾಳು ಹಸನು ಮಾಡುತ್ತ ಇನ್ನೊಬ್ಬಾಕೆ ಇನ್ನೊಂದು ಹೆಸರು ಹೇಳುತ್ತಾಳೆ. ಮಾತೇನೋ ಚೆಂದ. ಆದರೆ ಮತಗಟ್ಟೆಯೊಳಗೆ ಹೋಗಿ ಯಂತ್ರದ ಮುಂದೆ ನಿಂತಾಗ ಗಮನಿಸಿ ನೋಡಿದ್ದೀರಾ? ಮುಖ್ಯಮಂತ್ರಿಗೆಂದು ಅಲ್ಲಿ ಗುಂಡಿಯೇ ಇರುವುದಿಲ್ಲ. ಮಂತ್ರಿಗೂ ಇಲ್ಲ. ಇರುವುದು ನಮ್ಮ ಕ್ಷೇತ್ರದ ಶಾಸಕರಾಗಲು ನಿಂತವರ ಹೆಸರು, ಚಿಹ್ನೆ, ಭಾವಚಿತ್ರ ಮಾತ್ರ.

ಹಾಗಾದರೆ ನಮ್ಮ ಮುಖ್ಯಮಂತ್ರಿಯನ್ನು ಆರಿಸುವವರು ಯಾರು? ಈ ಸಲ ಅದನ್ನೇ ಸ್ವಲ್ಪ ತಿಳಿದುಕೊಳ್ಳೋಣ. ಇದು ಗಂಡಸರ ಕಟ್ಟೆಯ ಮಾತು, ನಮಗೇಕೆ ಎನ್ನಬೇಡಿ. ನಲ್ಲಿಯ ನೀರು, ರೇಷನ್ ಅಂಗಡಿಯ ಅಕ್ಕಿ, ಅಂಗನವಾಡಿಯ ಊಟ, ಮಗಳು ಕಾಲೇಜಿಗೆ ಹೋಗುವ ಬಸ್ಸು, ಇವೆಲ್ಲ ಒಬ್ಬರಲ್ಲ ಒಬ್ಬ ಮಂತ್ರಿಯ ಇಲಾಖೆಗೆ ಸೇರಿದವು.

ಮೊದಲು ದೂರದ ಊರಿನ ಮಾತು ಹೇಳುತ್ತೇನೆ. ಅಮೆರಿಕದಲ್ಲಿ ಮಿಷಿಗನ್ ಎಂಬ ರಾಜ್ಯವಿದೆ. 2018ರಲ್ಲಿ ಅಲ್ಲಿನ ಗವರ್ನರ್ ಹುದ್ದೆಗೆ ನಮ್ಮ ಬೆಳಗಾವಿಯಲ್ಲಿ ಬೆಳೆದವರೊಬ್ಬರು ಸ್ಪರ್ಧಿಸಿದ್ದರು. ಅವರ ಹೆಸರು ಶ್ರೀ ಥಾಣೇದಾರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದು, 1979ರಲ್ಲಿ ಅಮೆರಿಕಕ್ಕೆ ಹೋಗಿ ರಸಾಯನಶಾಸ್ತ್ರಜ್ಞರಾಗಿ, ಉದ್ಯಮಿಯಾಗಿ ಬೆಳೆದವರು. ಅಲ್ಲಿ ಪಕ್ಷದ ಟಿಕೆಟ್ಟನ್ನು ನಾಯಕರು ಕೋಣೆಯಲ್ಲಿ ಕೂತು ಹಂಚುವುದಿಲ್ಲ. ಅದಕ್ಕೂ ಜನರೇ ಮತ ಹಾಕುವ ಒಂದು ಪ್ರಾಥಮಿಕ ಚುನಾವಣೆ ಇದೆ. ಆ ಸುತ್ತಿನಲ್ಲೇ ಥಾಣೇದಾರರು ಮೂರನೆಯ ಸ್ಥಾನಕ್ಕೆ ಇಳಿದರು. ಗೆದ್ದವರು ಗ್ರೆಚೆನ್ ವಿಟ್ಮರ್ ಎಂಬ ಮಹಿಳೆ. ಥಾಣೇದಾರರು ಅಲ್ಲಿಗೇ ಬಿಡಲಿಲ್ಲ. 2020ರಲ್ಲಿ ಮಿಷಿಗನ್ನಿನ ಶಾಸಕರಾದರು, 2022ರಲ್ಲಿ ಅಮೆರಿಕದ ಸಂಸತ್ತಿಗೇ ಆರಿಸಿ ಹೋದರು.

ಇಲ್ಲಿ ಒಂದು ವಿಶೇಷವಿದೆ, ಕೇಳಿ. ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತಲ್ಲ. ರಾಜ್ಯದ ಆಡಳಿತ ನಡೆಸುವ ಮುಖ್ಯಸ್ಥರು ಅವರೇ. ಅವರನ್ನು ಇಡೀ ರಾಜ್ಯದ ಜನ ನೇರವಾಗಿ ಆರಿಸುತ್ತಾರೆ. ಉಪ ಗವರ್ನರ್ ಅವರ ಜೋಡಿಯಾಗಿ ಒಂದೇ ಮತದಲ್ಲಿ ಬರುತ್ತಾರೆ. ಅದಲ್ಲದೆ ಅಟಾರ್ನಿ ಜನರಲ್ ಎಂಬ ರಾಜ್ಯದ ಮುಖ್ಯ ವಕೀಲರಿಗೆ ಬೇರೆ ಮತ. ಚುನಾವಣೆ ನಡೆಸುವ, ವಾಹನ ಪರವಾನಗಿ ಕೊಡುವ ಸೆಕ್ರೆಟರಿ ಆಫ್ ಸ್ಟೇಟ್ ಎಂಬುವರಿಗೂ ಬೇರೆ ಮತ. 2018ರ ನವೆಂಬರಿನಲ್ಲಿ ಈ ಮೂರೂ ಕುರ್ಚಿಗೆ ಮಿಷಿಗನ್ನಿನ ಜನ ಮೂವರು ಹೆಣ್ಣುಮಕ್ಕಳನ್ನು ಕೂಡಿಸಿದರು: ಗ್ರೆಚೆನ್ ವಿಟ್ಮರ್, ಡೇನಾ ನೆಸೆಲ್, ಜಾಸ್ಲಿನ್ ಬೆನ್ಸನ್. 2022ರಲ್ಲಿ ಅವರನ್ನೇ ಮತ್ತೆ ಆರಿಸಿದರು.

ಎಲ್ಲ ರಾಜ್ಯಗಳಲ್ಲಿಯೂ ಒಂದೇ ಪದ್ಧತಿ ಇಲ್ಲ. ನಾರ್ತ್ ಕೆರೊಲಿನಾದಲ್ಲಿ ಹೀಗೆ 10 ಹುದ್ದೆಗಳಿಗೆ ಬೇರೆ ಬೇರೆ ಮತ ಹಾಕಬೇಕು. ಕೃಷಿಗೆ ಒಬ್ಬರು, ಶಾಲೆಗಳಿಗೆ ಒಬ್ಬರು, ಕಾರ್ಮಿಕರಿಗೆ ಒಬ್ಬರು, ಖಜಾನೆಗೆ ಒಬ್ಬರು, ಲೆಕ್ಕ ತಪಾಸಣೆಗೆ ಒಬ್ಬರು!

ಇದನ್ನು ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ. ಮದುವೆಯ ಅಡುಗೆಗೆ ನಾವು ಒಬ್ಬ ಮುಖ್ಯ ಅಡುಗೆಯವರನ್ನು ಗೊತ್ತು ಮಾಡುತ್ತೇವೆ. ಹೋಳಿಗೆ ಬೇಯಿಸುವವರು ಯಾರು, ಕಟ್ಟಿನ ಸಾರು ಮಾಡುವವರು ಯಾರು ಎಂಬುದನ್ನು ಅವರೇ ನೋಡಿಕೊಳ್ಳುತ್ತಾರೆ. ಉಪ್ಪು ಹೆಚ್ಚಾದರೂ ಹೂರಣ ಹಳಸಿದರೂ ನಾವು ಕೇಳುವುದು ಅವರೊಬ್ಬರನ್ನೇ. ನಾರ್ತ್ ಕೆರೊಲಿನಾದವರು ಹಾಗಲ್ಲ, ಹೋಳಿಗೆಗೆ ಒಬ್ಬರು, ಸಾರಿಗೆ ಒಬ್ಬರು, ಚಟ್ನಿಗೆ ಒಬ್ಬರು ಎಂದು ತಾವೇ ಆರಿಸುತ್ತಾರೆ. ಕೈ ರುಚಿ ಇದ್ದವರನ್ನೇ ನೋಡಿ ಆರಿಸಬಹುದು, ಅದು ಅನುಕೂಲ. ಆದರೆ ಒಲೆ ಒಂದೇ, ಅಡುಗೆಯವರು ಹತ್ತು ಮಂದಿ! 2020ರಲ್ಲಿ ಅಲ್ಲಿ ಗವರ್ನರ್ ಒಂದು ಪಕ್ಷದವರು, ಉಪ ಗವರ್ನರ್ ಎದುರು ಪಕ್ಷದವರು ಆರಿಸಿ ಬಂದರು. ಇಬ್ಬರ ದಾರಿ ಬೇರೆಯಾದರೆ ಮನೆ ಹೇಗೆ ನಡೆದೀತು, ನೀವೇ ಯೋಚಿಸಿ.

ಈಗ ನಮ್ಮ ಮನೆಗೆ ಬರೋಣ. ಕರ್ನಾಟಕದ ವಿಧಾನಸಭೆಗೆ 224 ಕ್ಷೇತ್ರಗಳು. ಬೆಳಗಾವಿ ಜಿಲ್ಲೆಯೊಂದರಲ್ಲೇ 18. ಬೈಲಹೊಂಗಲ, ಕಿತ್ತೂರು, ರಾಮದುರ್ಗ, ಮತ್ತು ಮೊದಲು ಪರಸಗಡ ಎನಿಸಿಕೊಂಡು 2008ರಿಂದ ಸವದತ್ತಿ ಯಲ್ಲಮ್ಮ ಎಂದಾದ ಕ್ಷೇತ್ರ, ಈ ನಾಲ್ಕೂ ಅದರಲ್ಲೇ ಸೇರಿವೆ. ನಾವು ಆರಿಸುವುದು ಒಬ್ಬ ಶಾಸಕರನ್ನು. 113 ಶಾಸಕರ ಬೆಂಬಲ ಯಾರಿಗಿದೆಯೋ ಅವರನ್ನು ರಾಜ್ಯಪಾಲರು ಮುಖ್ಯಮಂತ್ರಿಯಾಗಿ ನೇಮಿಸುತ್ತಾರೆ. ಮುಖ್ಯಮಂತ್ರಿ ಹೇಳಿದವರು ಮಂತ್ರಿಗಳಾಗುತ್ತಾರೆ. 2003ರ ಸಂವಿಧಾನ ತಿದ್ದುಪಡಿಯಂತೆ ನೂರಕ್ಕೆ 15ಕ್ಕಿಂತ ಹೆಚ್ಚು ಮಂದಿ ಮಂತ್ರಿಗಳಾಗುವಂತಿಲ್ಲ. ನಮ್ಮ ರಾಜ್ಯದ ಲೆಕ್ಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿ. ಅಮೆರಿಕದಲ್ಲಿ ಜನ ಆರಿಸುವ ಆ ಮುಖ್ಯ ವಕೀಲರ ಜಾಗಕ್ಕೆ ನಮ್ಮಲ್ಲಿ ಅಡ್ವೊಕೇಟ್ ಜನರಲ್ ಇದ್ದಾರೆ. ಅವರನ್ನು ನೇಮಿಸುವುದು, ಆರಿಸುವುದಲ್ಲ. ಚುನಾವಣೆ ನಡೆಸುವುದಕ್ಕಂತೂ ನಮ್ಮಲ್ಲಿ ಸ್ವತಂತ್ರ ಆಯೋಗವೇ ಇದೆ.

ಅಂದಮೇಲೆ ನಮ್ಮ ಒಂದು ಮತದ ಹೆಗಲ ಮೇಲೆ ಎಷ್ಟು ಭಾರ ನೋಡಿ. ಅಲ್ಲಿ ಹತ್ತು ಮತ ಮಾಡುವ ಕೆಲಸವನ್ನು ಇಲ್ಲಿ ಒಂದೇ ಮತ ಮಾಡಬೇಕು. ಶಾಸಕ, ಮುಖ್ಯಮಂತ್ರಿ, ಆಹಾರ ಮಂತ್ರಿ, ಶಿಕ್ಷಣ ಮಂತ್ರಿ, ಎಲ್ಲ ಆ ಒಂದೇ ಗುಂಡಿಯಲ್ಲಿದ್ದಾರೆ.

ಗುಂಡಿ ಒತ್ತಿದ ಮೇಲೆ ನಾವು ಎಣಿಸಿದಂತೆಯೇ ಆಗುತ್ತದೆ ಎಂದೂ ಇಲ್ಲ. 1962ರಲ್ಲಿ ಎಸ್. ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತರು. ಪಕ್ಷ ಗೆದ್ದಿತ್ತು, ನಾಯಕರು ಸೋತಿದ್ದರು. ಆಗ ಹುನಗುಂದದ ಎಸ್.ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಕೂಡಲೇ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು.

2018ರ ಕತೆ ನಿಮಗೆ ನೆನಪಿರಬೇಕು. ಯಾವ ಪಕ್ಷಕ್ಕೂ 113 ಬರಲಿಲ್ಲ. ಮೇ 17ರಂದು ಪ್ರಮಾಣ ಮಾಡಿದ ಬಿ.ಎಸ್. ಯಡಿಯೂರಪ್ಪನವರು 19ರಂದೇ ರಾಜೀನಾಮೆ ಕೊಟ್ಟರು. 37 ಶಾಸಕರಿದ್ದ ಪಕ್ಷದ ಎಚ್.ಡಿ. ಕುಮಾರಸ್ವಾಮಿಯವರು ದೊಡ್ಡ ಪಕ್ಷವೊಂದರ ಬೆಂಬಲದಿಂದ ಮುಖ್ಯಮಂತ್ರಿಯಾದರು. ಮುಂದೆ 2019ರ ಜುಲೈ 23ರಂದು ಸದನದಲ್ಲಿ ಎಣಿಸಿದಾಗ ಅವರ ಪರ 99, ವಿರುದ್ಧ 105. ಸರ್ಕಾರ ಬಿತ್ತು. ಆಗ ಅನರ್ಹರಾದ 17 ಶಾಸಕರಲ್ಲಿ ನಮ್ಮ ಜಿಲ್ಲೆಯ ಗೋಕಾಕ, ಅಥಣಿ, ಕಾಗವಾಡದವರೂ ಇದ್ದರು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಅದೇ ಮೂವರು ಬೇರೆ ಪಕ್ಷದಿಂದ ನಿಂತು ಮತ್ತೆ ಗೆದ್ದರು. ಅದು ಸರಿಯೋ ತಪ್ಪೋ, ಅಲ್ಲಿಯ ಮತದಾರರು ಹೇಳಿಯಾಯಿತು. ನಾನು ಹೇಳುವುದಿಷ್ಟೇ: ಒಂದು ಚುನಾವಣೆಯಲ್ಲಿ ಹಾಕಿದ ಮತದಿಂದ 14 ತಿಂಗಳಲ್ಲಿ ಮೂರು ಬಾರಿ ಮುಖ್ಯಮಂತ್ರಿಯ ಪ್ರಮಾಣವಚನ ನೋಡಿದವರು ನಾವು. ಅದರಲ್ಲಿ ಯಡಿಯೂರಪ್ಪನವರದೇ ಎರಡು ಬಾರಿ!

ಎಣಿಕೆ ಸದನದಲ್ಲೇ ನಡೆಯಬೇಕು ಎಂಬ ಕಟ್ಟುನಿಟ್ಟು ಬಂದದ್ದೂ ನಮ್ಮ ಭಾಗದವರೊಬ್ಬರ ಹೋರಾಟದಿಂದಲೇ. 1989ರಲ್ಲಿ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ಸದನದಲ್ಲಿ ಬಹುಮತ ತೋರಿಸಲು ಬಿಡದೆ ವಜಾ ಮಾಡಿದರು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಸದನದ ನೆಲದ ಮೇಲೆಯೇ ನೋಡಬೇಕು, ರಾಜಭವನದಲ್ಲಲ್ಲ. ಇಂದಿಗೂ ದೇಶಕ್ಕೆಲ್ಲ ಅದೇ ದಾರಿದೀಪ.

ಯಾರು ಆಳಬೇಕು ಎಂಬ ಪ್ರಶ್ನೆ ನಮ್ಮ ಸೀಮೆಗೆ ಹೊಸದೂ ಅಲ್ಲ, ಹೆಣ್ಣುಮಕ್ಕಳಿಗೆ ಹೊರಗಿನದೂ ಅಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪುವುದಿಲ್ಲ ಎಂದು ಕಂಪನಿ ಸರ್ಕಾರ ಹಟ ಹಿಡಿದಾಗ, ನಮ್ಮ ಗಾದಿಗೆ ಯಾರು ಎಂಬುದನ್ನು ನೀವೇಕೆ ಹೇಳಬೇಕು ಎಂದು ಎದುರು ನಿಂತವಳು ರಾಣಿ ಚೆನ್ನಮ್ಮ. ಆಕೆ ಸೆರೆಯಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ, 1829ರಲ್ಲಿ. ರಾಮದುರ್ಗ 1948ರವರೆಗೆ ಸಂಸ್ಥಾನವೇ ಆಗಿತ್ತು. ಅಲ್ಲಿ 1939ರಲ್ಲಿ ಪ್ರಜೆಗಳು ದಂಗೆ ಎದ್ದರು. ಅಂದು ಪ್ರಾಣ ಕೊಟ್ಟು ಕೇಳಿದ್ದು ಇಂದು ಬೆರಳಿನ ತುದಿಗೆ ಬಂದಿದೆ. ಅದನ್ನು ಯಜಮಾನರು ಹೇಳಿದರು, ಮೈದುನ ಹೇಳಿದ ಎಂದು ಒತ್ತಿ ಬರುವುದು ನ್ಯಾಯವೇ, ಹೇಳಿ.

"ಒಬ್ಬ ಹೆಂಗಸಿನ ಮತದಿಂದ ಏನಾದೀತು?" ಎನ್ನುವವರಿದ್ದಾರೆ. 2023ರಲ್ಲಿ ಏನಾಯಿತು ನೋಡಿ. ಆ ವರ್ಷ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಉಚಿತ ಪ್ರಯಾಣ ಆರಂಭವಾಯಿತು. ಆಗಸ್ಟ್ 30ರಂದು ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿಯ ಗೃಹಲಕ್ಷ್ಮಿ ಆರಂಭವಾಯಿತು. ಅದು ಬೇಕಿತ್ತೋ ಬೇಡವೋ ಎಂಬ ವಾದ ಬೇರೆ. ಹೆಂಗಸರ ಮತಕ್ಕೆ ಬೆಲೆ ಇದೆ ಎಂದು ಮೊದಲು ಲೆಕ್ಕ ಹಾಕಿದವರು ರಾಜಕಾರಣಿಗಳು. ಇನ್ನೂ ಲೆಕ್ಕ ಹಾಕದವರು ನಾವೇ! ಅದೇ 2023ರ ಚುನಾವಣೆಯಲ್ಲಿ 224 ಮಂದಿಯಲ್ಲಿ ಗೆದ್ದ ಮಹಿಳೆಯರು ಬರೀ 10. ಮಂತ್ರಿಯಾದವರು ಒಬ್ಬರೇ, ನಮ್ಮ ಬೆಳಗಾವಿ ಗ್ರಾಮೀಣದ ಲಕ್ಷ್ಮೀ ಹೆಬ್ಬಾಳ್ಕರ್. ಅದಕ್ಕೂ ಹಿಂದೆ ನಿಪ್ಪಾಣಿಯ ಶಶಿಕಲಾ ಜೊಲ್ಲೆ ಮಂತ್ರಿಯಾಗಿದ್ದರು. ವಿಧಾನಸಭೆಗಳಲ್ಲಿ ಮೂರರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ ಎಂದು 2023ರಲ್ಲಿ ಸಂಸತ್ತು ಒಪ್ಪಿತು. ಆದರೆ ಜನಗಣತಿ ಮತ್ತು ಕ್ಷೇತ್ರ ವಿಂಗಡಣೆ ಆದ ಮೇಲೆ ಜಾರಿ ಎಂಬ ಷರತ್ತು ಹಾಕಿತು. ಬಡಿಸಿದ ಎಲೆ ಕಂಡಿದೆ, ಊಟಕ್ಕೆ ಕೂಡಿಸಿದ ಮೇಲೆ ನಿಜ.

ಇನ್ನು ನೀವು ಮಾಡಬೇಕಾದದ್ದು. ಅಡುಗೆಯ ಪುಟ ಕತ್ತರಿಸಿ ಇಡುವಂತೆ ಇದನ್ನೂ ಇಟ್ಟುಕೊಳ್ಳಿ.

ಮೊದಲನೆಯದು, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಗುರುತಿನ ಚೀಟಿ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. 18 ತುಂಬಿದ ಮಗಳಿಗೆ ನಮೂನೆ 6 ತುಂಬಿಸಿ. ಮದುವೆಯಾಗಿ ಊರು ಬದಲಾದ ಸೊಸೆಗೆ ನಮೂನೆ 8. ತವರಿನ ಪಟ್ಟಿಯಲ್ಲೇ ಹೆಸರು ಉಳಿದು ಎಷ್ಟೋ ಹೊಸ ಸೊಸೆಯರ ಮತ ಎರಡೂ ಕಡೆ ಇಲ್ಲದಂತಾಗುತ್ತದೆ. ನಿಮ್ಮ ಮತಗಟ್ಟೆಯ ಅಧಿಕಾರಿಯನ್ನು ಕೇಳಿ, ಇಲ್ಲವೇ 1950ಕ್ಕೆ ಫೋನು ಮಾಡಿ.

ಎರಡನೆಯದು, ಯಾವ ಚುನಾವಣೆ ಎಂಬುದು ಗೊತ್ತಿರಲಿ. ವಿಧಾನಸಭೆಗೆ ನಾಲ್ಕೂ ಊರು ಬೇರೆ ಬೇರೆ ಕ್ಷೇತ್ರ. ಲೋಕಸಭೆಗೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿ ಕ್ಷೇತ್ರದಲ್ಲಿವೆ, ಕಿತ್ತೂರು ಮಾತ್ರ 2008ರ ವಿಂಗಡಣೆಯಂತೆ ಉತ್ತರ ಕನ್ನಡಕ್ಕೆ ಸೇರಿದೆ. ಕಿತ್ತೂರಿನವರು ಸಂಸದರನ್ನು ಹುಡುಕಬೇಕಾದರೆ ಕಾರವಾರದ ದಿಕ್ಕಿಗೆ ಮುಖ ಮಾಡಬೇಕು!

ಮೂರನೆಯದು, ಮತ ಕೇಳಲು ಬಂದವರಿಗೆ ಎರಡು ಪ್ರಶ್ನೆ ಹಾಕಿ. "ಗೆದ್ದರೆ ಯಾರನ್ನ ಮುಖ್ಯಮಂತ್ರಿ ಮಾಡಾಕ ಕೈ ಎತ್ತತೀರಿ? ನಿಮಗ ಮಂತ್ರಿಗಿರಿ ಸಿಗದಿದ್ದರೂ ಐದು ವರ್ಷ ಅದೇ ಪಕ್ಷದಾಗ ಇರತೀರೇನ್ರಿ?" ಅಂಗಳದಲ್ಲಿ ನಾಲ್ಕು ಜನರ ಎದುರಿಗೇ ಕೇಳಿ. ನಾಲ್ಕು ಜನ ಕೇಳಿದ ಮಾತನ್ನು ನುಂಗುವುದು ಕಷ್ಟ.

ನಾಲ್ಕನೆಯದು, ನಿಮ್ಮ ಮತ ಗುಟ್ಟು. ಯಂತ್ರದ ಪಕ್ಕದ ಗಾಜಿನ ಕಿಂಡಿಯಲ್ಲಿ ನೀವು ಒತ್ತಿದ ಚಿಹ್ನೆಯ ಚೀಟಿ 7 ಸೆಕೆಂಡು ಕಾಣುತ್ತದೆ, ಆಮೇಲೆ ತಾನಾಗಿ ಪೆಟ್ಟಿಗೆಯೊಳಗೆ ಬೀಳುತ್ತದೆ. ಅದನ್ನು ನೋಡುವವರು ನೀವೊಬ್ಬರೇ. "ಯಾರಿಗೆ ಹಾಕಿದಿ?" ಎಂದು ಮನೆಯಲ್ಲಿ ಕೇಳಿದರೆ ನಕ್ಕು ಸುಮ್ಮನಾಗುವ ಹಕ್ಕು ನಿಮಗಿದೆ.

ಕೊನೆಯದಾಗಿ, ಮತ ಹಾಕಿದ ದಿನಕ್ಕೇ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮಂತ್ರಿಯನ್ನು ನೇರವಾಗಿ ಆರಿಸಲು ನಮಗೆ ಬರುವುದಿಲ್ಲ, ಮಂತ್ರಿಯನ್ನು ಕೇಳಬಲ್ಲವರನ್ನು ಆರಿಸಿ ಕಳಿಸಬಹುದು. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತಿತು. ಅಲ್ಲಿ ಅಧಿವೇಶನ ಸೇರಿದಾಗ ನಿಮ್ಮ ಶಾಸಕರು ಎದ್ದು ನಿಂತು ಏನು ಕೇಳಿದರು ಎಂಬುದನ್ನು ಪತ್ರಿಕೆಯಲ್ಲಿ ಹುಡುಕಿ ಓದಿ. ನಿಮ್ಮ ಓಣಿಯ ನಲ್ಲಿಯ ಮಾತು ಅಲ್ಲಿ ಬಂತೇ? ಬರದಿದ್ದರೆ ನೆರೆಯ ನಾಲ್ಕು ಹೆಂಗಸರು ಸಹಿ ಮಾಡಿ ಅವರಿಗೆ ಒಂದು ಪತ್ರ ಬರೆಯಿರಿ. ಪತ್ರ ಸಣ್ಣದಿರಲಿ, ಅಕ್ಷರ ಸ್ಪಷ್ಟವಿರಲಿ, ಕೆಳಗೆ ನಿಮ್ಮ ಮತಗಟ್ಟೆಯ ಸಂಖ್ಯೆ ಇರಲಿ. ಆ ಸಂಖ್ಯೆಯನ್ನು ಅವರು ತಪ್ಪದೆ ಓದುತ್ತಾರೆ.