ನಂಬರ್ ಇದೆ, ನಾವು ಕರೆ ಮಾಡುತ್ತಿಲ್ಲ

ಉಳ್ಳಾಲದಿಂದ ಕುಂದಾಪುರದವರೆಗೆ ಗಲ್ಫ್‌ನ ನಂಟಿಲ್ಲದ ಬ್ಯಾರಿ ಮನೆ ಸಿಗುವುದು ಕಷ್ಟ. ಮಗಳ ಮದುವೆ, ಮನೆಯ ತಾರಸಿ, ತಮ್ಮನ ಕಾಲೇಜು ಫೀಸು, ಮಸೀದಿಯ ವಂತಿಗೆ ಇವೆಲ್ಲದರ ಹಿಂದೆ ದಮ್ಮಾಮಿನಲ್ಲೋ ದುಬೈಯಲ್ಲೋ ದುಡಿಯುವ ಒಬ್ಬ ಮಗ, ಒಬ್ಬ ಗಂಡ ಇರುತ್ತಾನೆ. ಹಣ ಬಂದರೆ ಇಡೀ ಮೊಹಲ್ಲಾಕ್ಕೆ ಗೊತ್ತಾಗುತ್ತದೆ. ಹಣ ನಿಂತರೆ ಪಕ್ಕದ ಮನೆಗೂ ಗೊತ್ತಾಗುವುದಿಲ್ಲ. ಸಂಬಳ ಸಿಗದೆ ನಾಲ್ಕು ತಿಂಗಳಾಯಿತೆಂದು ಮಗ ಉಮ್ಮನಿಗೆ ಹೇಳುವುದಿಲ್ಲ. ಗಂಡನ ಫೋನು ಬಂದಾಗಿದೆಯೆಂದು ಸೊಸೆ ತವರಿಗೂ ತಿಳಿಸುವುದಿಲ್ಲ. ‘ಊರವರು ಏನು ಹೇಳ್ತಾರೆ’ ಎಂಬ ಒಂದೇ ಮಾತು ಎಲ್ಲರ ಬಾಯಿ ಕಟ್ಟುತ್ತದೆ.

ಈ ಮೌನಕ್ಕೆ ತೆರಬೇಕಾದ ಬೆಲೆ ದೊಡ್ಡದು. ಸೌದಿಯಲ್ಲಿ ಸಂಬಳ ಸಿಗದವನು ಮೊದಲ ತಿಂಗಳಲ್ಲೇ ದೂರು ಕೊಟ್ಟರೆ ಅವನು ಅನ್ಯಾಯಕ್ಕೊಳಗಾದ ಕಾರ್ಮಿಕ. ಯಾರಿಗೂ ಹೇಳದೆ ಕಫೀಲನನ್ನು ಬಿಟ್ಟು ಬೇರೆ ಕಡೆ ಕೆಲಸಕ್ಕೆ ಹೋದರೆ, ಕಫೀಲ್ ಅವನ ಮೇಲೆ ‘ಹುರೂಬ್’, ಅಂದರೆ ಓಡಿಹೋದವನು ಎಂದು ದಾಖಲಿಸಬಹುದು. ಆಮೇಲೆ ತಪ್ಪಿತಸ್ಥ ಅವನೇ. ಬೇಗ ಹೇಳಿದರೆ ದೂರು, ತಡವಾದರೆ ಕೇಸು. ಇಷ್ಟೇ ವ್ಯತ್ಯಾಸ.

ಹಾಗಾದರೆ ಯಾರಿಗೆ ಹೇಳಬೇಕು? ಇಂದಿಗೂ ನಮ್ಮ ಮನೆಗಳಿಂದ ಮೊದಲ ಕರೆ ಹೋಗುವುದು ವೀಸಾ ಕೊಟ್ಟ ಏಜೆಂಟನಿಗೆ. ಸಿಕ್ಕಿಸಿದವನೇ ಬಿಡಿಸಲಿ ಎಂದು ಕಾಯುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಕೇಂದ್ರ ಸರಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಊರಿನಿಂದಲೇ 1800 11 3090ಕ್ಕೆ ಉಚಿತವಾಗಿ ಕರೆ ಮಾಡಬಹುದು. ಯುಎಇಯಲ್ಲಿ ಇರುವವರಿಗೆ 800 46342 ಇದೆ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ಪೋರ್ಟಲ್‌ನ ಹೆಸರೇ ‘ಮದದ್’. ಅದರಲ್ಲಿ ದೂರು ಕೊಡಲು ಗಲ್ಫ್‌ನಲ್ಲಿ ಇರಬೇಕೆಂದಿಲ್ಲ. ಉಮ್ಮ, ಹೆಂಡತಿ, ಅಣ್ಣ, ಯಾರು ಬೇಕಾದರೂ ಮನೆಯಲ್ಲಿ ಕುಳಿತೇ ದಾಖಲಿಸಬಹುದು. ದೂರಿಗೆ ಒಂದು ಸಂಖ್ಯೆ ಸಿಗುತ್ತದೆ, ಅದು ಎಲ್ಲಿಗೆ ಬಂತೆಂದು ಆ ಸಂಖ್ಯೆ ಹಾಕಿ ನೋಡುತ್ತಾ ಇರಬಹುದು.

ರಾಯಭಾರ ಕಚೇರಿಗಳ ಬಳಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಗತಿಯಿಲ್ಲದೆ ಸಿಕ್ಕಿಬಿದ್ದವರ ತಾತ್ಕಾಲಿಕ ವಸತಿ, ತುರ್ತು ಚಿಕಿತ್ಸೆ, ವಕೀಲರ ನೆರವು, ವಾಪಸ್ ಟಿಕೆಟು, ಮಯ್ಯತ್ ಊರಿಗೆ ತರುವ ಖರ್ಚು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಇದು ಯಾರೋ ಕೊಡುವ ದಾನವಲ್ಲ. ಪಾಸ್‌ಪೋರ್ಟ್, ವೀಸಾ ಕೆಲಸಗಳಿಗೆ ರಾಯಭಾರ ಕಚೇರಿಯಲ್ಲಿ ಕಟ್ಟುವ ಶುಲ್ಕದ ಜೊತೆ ಸಂಗ್ರಹವಾಗುವ ಸಣ್ಣ ಮೊತ್ತವೇ ಇದರ ಮೂಲ. ಕೇಳಲು ನಾಚಿಕೆ ಬೇಡ.

ಸಂಕಟ ಗಲ್ಫ್‌ನಲ್ಲಿ ಮಾತ್ರ ಇರುವುದಲ್ಲ. ಖರ್ಚಿಗೆ ಹಣವಿಲ್ಲದೆ, ಕೇಳುವವರಿಲ್ಲದೆ ಮನೆಯೊಳಗೆ ಕುಗ್ಗುವ ಹೆಣ್ಣುಮಕ್ಕಳೂ ಇದ್ದಾರೆ. ಹಿಂಸೆಯಾದರೆ ಮಹಿಳಾ ಸಹಾಯವಾಣಿ 181, ಮಕ್ಕಳ ವಿಷಯಕ್ಕೆ 1098, ಕಾನೂನು ನೆರವಿಗೆ 15100. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ನಿದ್ದೆಯಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ 14416 ಟೆಲಿ ಮಾನಸ್‌ಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಉಸ್ತಾದರ ದುಆ ಬೇಕು, ನಿಜ. ಜೊತೆಗೆ ಈ ಕರೆಯೂ ಬೇಕು. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಹೋಗುವ ಮೊದಲೇ ಎಚ್ಚರ ಇದ್ದರೆ ಅರ್ಧ ಸಂಕಟ ತಪ್ಪುತ್ತದೆ. ಹತ್ತನೇ ತರಗತಿ ದಾಟದವರು ಕೆಲಸದ ವೀಸಾದಲ್ಲಿ ನಿಯಮದಂತೆ ಹೋದರೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆ ಕಡ್ಡಾಯವಾಗಿ ಸಿಗುತ್ತದೆ. ‘ವಿಸಿಟ್‌ನಲ್ಲಿ ಹೋಗು, ಅಲ್ಲಿ ನೋಡುವ’ ಎನ್ನುವವರ ಮಾತು ಕೇಳಿ ಹೊರಟವನಿಗೆ ಆ ವಿಮೆಯೂ ಇಲ್ಲ, ಸರಿಯಾದ ಒಪ್ಪಂದವೂ ಇಲ್ಲ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಲು ಐದು ನಿಮಿಷ ಸಾಕು.

ಪ್ರತೀ ಮನೆಯ ಕಪಾಟಿನಲ್ಲಿ ಒಂದು ಲಕೋಟೆ ಇರಲಿ. ಪಾಸ್‌ಪೋರ್ಟ್, ವೀಸಾ, ಇಖಾಮಾ, ಒಪ್ಪಂದದ ಪ್ರತಿಗಳು, ಕಂಪೆನಿಯ ಹೆಸರು, ಕಫೀಲನ ನಂಬರು, ಜೊತೆಗಾರರ ಎರಡು ನಂಬರು ಅದರಲ್ಲಿರಲಿ. ಗಲ್ಫ್‌ನಲ್ಲಿರುವ ನಮ್ಮವರ ಸಂಘಟನೆಗಳು ರಾತ್ರೋರಾತ್ರಿ ಓಡಾಡಲು ಸಿದ್ಧ. ಆದರೆ ಪಾಸ್‌ಪೋರ್ಟ್ ನಂಬರೇ ಇಲ್ಲದೆ ಅವರು ಯಾರನ್ನು ಎಲ್ಲಿ ಹುಡುಕಬೇಕು?

ಜಮಾಅತ್‌ಗಳಿಗೂ ಇಲ್ಲಿ ಕೆಲಸವಿದೆ. ಮದ್ರಸ ಕಟ್ಟಲು, ಮದುವೆ ನೆರವಿಗೆ ನಾವು ಒಂದಾಗುತ್ತೇವೆ. ಮೊಬೈಲು, ಇಂಗ್ಲಿಷು ಬಲ್ಲ ಇಬ್ಬರು ಯುವಕರು, ಒಬ್ಬ ಯುವತಿ ವಾರಕ್ಕೊಮ್ಮೆ ಎರಡು ಗಂಟೆ ಕುಳಿತರೆ ಒಂದು ಸಹಾಯ ಕೇಂದ್ರ ನಡೆಯುತ್ತದೆ. ಹೆಣ್ಣುಮಕ್ಕಳು ಹೆಣ್ಣುಮಕ್ಕಳೊಡನೆ ಮಾತಾಡಲಿ. ಬಂದವರ ಗುಟ್ಟು ಅಲ್ಲೇ ಉಳಿಯಲಿ. ಅದು ಹೊರಬಿದ್ದರೆ ಎರಡನೆಯವರು ಯಾರೂ ಬರುವುದಿಲ್ಲ.

ಸರಕಾರಕ್ಕೂ ಒಂದು ಮಾತು. ನೆರೆಯ ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಮಾಡಿತು. ನಮ್ಮ ಕರಾವಳಿಯಿಂದ ತಲೆಮಾರುಗಳಿಂದ ಜನ ಹೋಗುತ್ತಿದ್ದಾರೆ. ಮಂಗಳೂರಿನಲ್ಲೊಂದು ಕೌಂಟರು, ಕನ್ನಡ, ಬ್ಯಾರಿ, ತುಳುವಿನಲ್ಲಿ ಉತ್ತರಿಸುವ ಒಂದು ಸಹಾಯವಾಣಿ ಕೇಳುವುದು ಅತಿಯಾಸೆಯಲ್ಲ.

ಅದು ಬರುವವರೆಗೆ ಮೇಲಿನ ನಂಬರುಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿ. ಇವತ್ತು ರಾತ್ರಿ ಮಗನಿಗೆ ಫೋನು ಮಾಡುವಾಗ ‘ಹಣ ಯಾವಾಗ ಕಳಿಸ್ತಿ’ ಎಂದು ಕೇಳುವ ಮೊದಲು ‘ನಿನಗೆ ಸಂಬಳ ಸಿಗ್ತಾ ಉಂಟಾ’ ಎಂದು ಕೇಳಿ. ಎಷ್ಟೋ ಮಕ್ಕಳು ಆ ಒಂದು ಪ್ರಶ್ನೆಗೇ ಕಾಯುತ್ತಿದ್ದಾರೆ.