17ನೇ ಸ್ಥಾನಕ್ಕೆ ಸೀಟು, 40 ಅಂಕಕ್ಕೆ ಇಲ್ಲ!

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಇರುವುದು 20 ತಂಡ. 2024–25ರಲ್ಲಿ ಟಾಟನ್‌ಹ್ಯಾಮ್ ಮುಗಿಸಿದ್ದು 17ನೇ ಸ್ಥಾನದಲ್ಲಿ. ಇನ್ನೊಂದು ಮೆಟ್ಟಿಲು ಜಾರಿದ್ದರೆ ಕೆಳಗಿನ ಡಿವಿಷನ್‌ಗೆ ಬೀಳುತ್ತಿತ್ತು. ಅದೇ ತಂಡಕ್ಕೆ ಮುಂದಿನ ಸೀಸನ್‌ನಲ್ಲಿ ಯುರೋಪಿನ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಜಾಗ ಸಿಕ್ಕಿತು. ಕಾರಣ ಇಷ್ಟೇ: 2025ರ ಮೇ ತಿಂಗಳಲ್ಲಿ ಬಿಲ್ಬಾವೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1–0ಯಿಂದ ಗೆದ್ದು ಯುರೋಪಾ ಲೀಗ್ ಕಪ್ ಎತ್ತಿತ್ತು. ಆ ಕಪ್ ಗೆದ್ದವರಿಗೆ ಚಾಂಪಿಯನ್ಸ್ ಲೀಗ್‌ಗೆ ನೇರ ಪ್ರವೇಶ. ಫೈನಲ್‌ನಲ್ಲಿ ಸೋತ ಯುನೈಟೆಡ್ ಏನು ಕಡಿಮೆಯಿಲ್ಲ, ಲೀಗ್‌ನಲ್ಲಿ ಅದರದ್ದು 15ನೇ ಸ್ಥಾನ!

ಸಂಜೆ ಬಸವೇಶ್ವರನಗರದ ದರ್ಶಿನಿ ಮುಂದೆ ಬೈ-ಟು ಕಾಫಿ ಹಿಡಿದು ನಿಲ್ಲುವ ನಮ್ಮ ಗುಂಪಿನಲ್ಲಿ ಇದು ದೊಡ್ಡ ಜಗಳದ ವಿಷಯ. ‘ವರ್ಷವಿಡೀ ಓದದವನು ಒಂದು ಕ್ವಿಜ್ ಗೆದ್ದು ರ‍್ಯಾಂಕ್ ಲಿಸ್ಟ್‌ಗೆ ಬಂದ ಹಾಗಾಯ್ತಲ್ಲ’ ಎನ್ನುವುದು ಅರ್ಧ ಜನರ ವಾದ. ನಾನು ಇನ್ನರ್ಧದವನು. ಇದು ಅನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ಆ ನಿಯಮ ಸೀಸನ್ ಶುರುವಾಗುವ ಮೊದಲೇ ಎಲ್ಲ ತಂಡಗಳಿಗೂ ಗೊತ್ತಿತ್ತು, ಎಲ್ಲರಿಗೂ ಒಂದೇ ಆಗಿತ್ತು. ಹಿಂದೆ ಕಪ್‌ನ ನಿಯಮದಿಂದ ಇದೇ ಟಾಟನ್‌ಹ್ಯಾಮ್ ಏಟು ತಿಂದದ್ದೂ ಇದೆ. 2011–12ರಲ್ಲಿ ಅದು ಲೀಗ್‌ನಲ್ಲಿ ನಾಲ್ಕನೆಯದು, ಚಾಂಪಿಯನ್ಸ್ ಲೀಗ್ ಜಾಗ ಖಾತ್ರಿ ಎನ್ನುವಂತಿತ್ತು. ಆದರೆ ಆರನೇ ಸ್ಥಾನದ ಚೆಲ್ಸಿ, ಬಯರ್ನ್ ಮ್ಯೂನಿಕ್ ವಿರುದ್ಧ ಫೈನಲ್ ಗೆದ್ದು ಆ ಜಾಗ ಕಿತ್ತುಕೊಂಡಿತು. ಅಂದು ಕಳೆದುಕೊಂಡವರೇ ಇಂದು ಪಡೆದಿದ್ದಾರೆ.

ನನ್ನ ತಕರಾರು ಇರುವುದು ಕ್ರಿಸ್ಟಲ್ ಪ್ಯಾಲೆಸ್ ವಿಷಯದಲ್ಲಿ. 2025ರ ಮೇನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1–0ಯಿಂದ ಸೋಲಿಸಿ ಅದು ಎಫ್‌ಎ ಕಪ್ ಗೆದ್ದಿತು. ಕ್ಲಬ್‌ನ ಇತಿಹಾಸದಲ್ಲೇ ಮೊದಲ ದೊಡ್ಡ ಕಪ್. ಅದರ ಜೊತೆಗೆ ಯುರೋಪಾ ಲೀಗ್ ಪ್ರವೇಶವೂ ಬರಬೇಕಿತ್ತು. ಆದರೆ ಪ್ಯಾಲೆಸ್‌ನಲ್ಲಿ ದೊಡ್ಡ ಪಾಲು ಹೊಂದಿದ್ದ ಜಾನ್ ಟೆಕ್ಸ್ಟರ್ ಅವರ ಕೈಯಲ್ಲೇ ಫ್ರಾನ್ಸಿನ ಲಿಯಾನ್ ಕ್ಲಬ್ಬೂ ಇತ್ತು. ಒಬ್ಬರ ಹಿಡಿತದಲ್ಲಿರುವ ಎರಡು ತಂಡ ಒಂದೇ ಟೂರ್ನಿಯಲ್ಲಿ ಆಡುವಂತಿಲ್ಲ, ಮಾರ್ಚ್ 1ರೊಳಗೆ ಪಾಲು ಸರಿಪಡಿಸಿಕೊಳ್ಳಬೇಕು ಎನ್ನುವುದು ಯುಇಎಫ್‌ಎ ನಿಯಮ. ಪ್ಯಾಲೆಸ್ ಅನ್ನು ಒಂದು ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಲೀಗ್‌ಗೆ ತಳ್ಳಲಾಯಿತು. ಕ್ರೀಡಾ ನ್ಯಾಯಮಂಡಳಿಯೂ ಆಗಸ್ಟ್‌ನಲ್ಲಿ ಅದನ್ನೇ ಎತ್ತಿಹಿಡಿಯಿತು.

ಉದ್ದೇಶ ಸರಿಯೇ. ಒಬ್ಬನೇ ಮಾಲೀಕನ ಎರಡು ತಂಡ ಎದುರುಬದುರಾದರೆ ಆ ಪಂದ್ಯವನ್ನು ಯಾರು ನಂಬುತ್ತಾರೆ? ಆದರೆ ಮಾರ್ಚ್ 1ಕ್ಕೆ ಪ್ಯಾಲೆಸ್ ಕೈಯಲ್ಲಿ ಕಪ್ಪೇ ಇರಲಿಲ್ಲ. ಹುಡುಗಿ ನೋಡುವ ಮೊದಲೇ ಛತ್ರ ಬುಕ್ ಮಾಡಿರಬೇಕು ಎನ್ನುವಂಥ ನಿಯಮ ಇದು. ಮಾಲೀಕ ಮಾಡಿಕೊಂಡ ವ್ಯವಹಾರಕ್ಕೆ ಮೈದಾನದಲ್ಲಿ ಬೆವರು ಸುರಿಸಿದ ಹುಡುಗರು ಬೆಲೆ ತೆತ್ತರು.

ಯುರೋಪಿನ ಮಾತು ಬಿಡಿ, ನಮ್ಮ ಮನೆಯೊಳಗೇ ಬರೋಣ. 2017–18ರಲ್ಲಿ ಬೆಂಗಳೂರು ಎಫ್‌ಸಿ ಮೊದಲ ಬಾರಿ ಐಎಸ್‌ಎಲ್ ಆಡಿತು. 18 ಪಂದ್ಯ, 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಕಂಠೀರವಕ್ಕೆ ನಡೆಯುತ್ತಿದ್ದ ನಮಗೆ ಅದು ಹಬ್ಬದ ಸೀಸನ್. (ಪಶ್ಚಿಮ ಬೆಂಗಳೂರಿನವರು ಸ್ಟೇಡಿಯಂನಲ್ಲೂ ವೆಸ್ಟ್ ಬ್ಲಾಕ್‌ನಲ್ಲೇ ಕೂರಬೇಕು ಎನ್ನುವುದು ನಮ್ಮೊಳಗಿನ ಹಳೇ ಜೋಕು.) ಮಾರ್ಚ್ 17ರಂದು ಅದೇ ಕಂಠೀರವದಲ್ಲಿ ಫೈನಲ್. ಸುನಿಲ್ ಚೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದರು. ಕೊನೆಗೆ ಗೆದ್ದದ್ದು ಚೆನ್ನೈಯಿನ್, 3–2. ಆಗಿನ ನಿಯಮದ ಪ್ರಕಾರ ಚಾಂಪಿಯನ್ ಎಂದರೆ ಫೈನಲ್ ಗೆದ್ದವರು ಮಾತ್ರ. ಎಎಫ್‌ಸಿ ಕಪ್‌ಗೂ ಅವರೇ ಹೋದರು. ಎಂಟು ಅಂಕ ಮುಂದಿದ್ದ ನಾವು, ಅದರ ಮೇಲೆ ಏಪ್ರಿಲ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4–1ರಿಂದ ಸೂಪರ್ ಕಪ್ ಗೆದ್ದ ನಾವು, 2019ರಲ್ಲಿ ಏಷ್ಯಾ ಮಟ್ಟದ ಟೂರ್ನಿಯನ್ನು ಟಿ.ವಿ.ಯಲ್ಲಿ ನೋಡಿದೆವು. 2016ರಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ್ದ ಕ್ಲಬ್ ಇದು.

ಹೊಟ್ಟೆ ಉರಿಯಿತು, ನಿಜ. ಆದರೂ ಮೋಸ ಆಯಿತು ಎಂದು ಹೇಳುವಂತಿರಲಿಲ್ಲ. ನಿಯಮ ಮೊದಲೇ ಗೊತ್ತಿತ್ತು. ಕೆಟ್ಟ ನಿಯಮ ಬೇರೆ, ಮುರಿದ ನಿಯಮ ಬೇರೆ. ಕೆಟ್ಟ ನಿಯಮವನ್ನು ಮುಂದಿನ ಸೀಸನ್‌ಗೆ ತಿದ್ದಬಹುದು. ಹಾಗೆಯೇ ಆಯಿತು: 2019–20ರಿಂದ ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಶೀಲ್ಡ್, ಜೊತೆಗೆ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಪ್ರವೇಶ ಸಿಗತೊಡಗಿತು. ಆ ದಾರಿಯಲ್ಲಿ ಮೊದಲು ಹೋದದ್ದು ಎಫ್‌ಸಿ ಗೋವಾ.

ಆದರೆ ಅದೇ 2017ರ ಇನ್ನೊಂದು ಕತೆಯನ್ನು ಬೆಂಗಳೂರಿನ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ. ಆ ವರ್ಷ ಐ-ಲೀಗ್ ಗೆದ್ದದ್ದು ಮಿಜೋರಾಂನ ಐಜಾಲ್ ಎಫ್‌ಸಿ. ಬೆಂಗಳೂರು ನಾಲ್ಕನೇ ಸ್ಥಾನದಲ್ಲಿತ್ತು. ಮುಂದಿನ ಸೀಸನ್‌ಗೆ ಐಎಸ್‌ಎಲ್‌ಗೆ ಹೋದವರು ಯಾರು? ನಾವು. ಬಿಡ್ ಸಲ್ಲಿಸಿ, ಶುಲ್ಕ ಕಟ್ಟುವ ಶಕ್ತಿ ನಮ್ಮ ಮಾಲೀಕರಾದ ಜೆಎಸ್‌ಡಬ್ಲ್ಯುಗೆ ಇತ್ತು. ಹೊಸದಾಗಿ ಕಟ್ಟಿದ ಜೆಮ್‌ಷೆಡ್‌ಪುರ ತಂಡಕ್ಕೂ ಬಾಗಿಲು ತೆರೆಯಿತು. ಚಾಂಪಿಯನ್ ಐಜಾಲ್ ಇದ್ದಲ್ಲೇ ಉಳಿಯಿತು. ನಮ್ಮ ಹತ್ತಿರ ಎರಡು ಐ-ಲೀಗ್ ಪ್ರಶಸ್ತಿ ಇತ್ತು, ಯೋಗ್ಯತೆಗೆ ಕೊರತೆ ಇರಲಿಲ್ಲ. ಆದರೆ ಆ ಬಾಗಿಲಲ್ಲಿ ಕೇಳಿದ್ದು ಯೋಗ್ಯತೆಯನ್ನಲ್ಲ. 40 ಅಂಕದ ಲೆಕ್ಕ ಹೇಳುವಾಗ ಇದನ್ನೂ ಹೇಳದಿದ್ದರೆ ನನ್ನ ವಾದ ಅರ್ಧ ಆಗುತ್ತದೆ.

ಫುಟ್‌ಬಾಲ್‌ನಲ್ಲಿ ಆಸಕ್ತಿ ಇಲ್ಲದವರಿಗೂ ಈ ಸಂಗತಿ ಹೊಸದಲ್ಲ. ವಿಜಯನಗರ, ಅತ್ತಿಗುಪ್ಪೆ ಕಡೆಯ ಕೋಚಿಂಗ್ ಸೆಂಟರ್‌ಗಳ ಮುಂದೆ ಜೆರಾಕ್ಸ್ ಕಟ್ಟು ಹಿಡಿದು ನಿಂತವರನ್ನು ಕೇಳಿ. ನನಗೇ ಒಂದು ಕಂಪನಿಯ ನೇಮಕಾತಿಯಲ್ಲಿ ಹೀಗಾಯಿತು. ಜಾಹೀರಾತಿನಲ್ಲಿ ಪದವಿಯಲ್ಲಿ 60% ಸಾಕು ಎಂದಿತ್ತು. ಲಿಖಿತ ಪರೀಕ್ಷೆ ಪಾಸಾದ ಮೇಲೆ 70% ಇದ್ದವರಿಗೆ ಮಾತ್ರ ಸಂದರ್ಶನ ಎಂದು ಇ-ಮೇಲ್ ಬಂತು. ಕೇಳಿದರೆ ‘ಅರ್ಜಿಗಳು ಜಾಸ್ತಿ ಬಂದಿವೆ’ ಎಂಬ ಉತ್ತರ. ಮೊದಲೇ 70% ಎಂದಿದ್ದರೆ ನನಗೆ ಬೇಜಾರಿರಲಿಲ್ಲ, ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಸರ್ಕಾರಿ ನೇಮಕಾತಿಯಲ್ಲಿ ಇದಕ್ಕೊಂದು ಕಡಿವಾಣ ಬಿದ್ದಿದೆ. ರಾಜಸ್ಥಾನ ಹೈಕೋರ್ಟ್‌ನ ಅನುವಾದಕರ ಹುದ್ದೆಗೆ ಪರೀಕ್ಷೆ ನಡೆದ ಮೇಲೆ ಕನಿಷ್ಠ 75% ಅಂಕ ಬೇಕು ಎಂದು ಹೊಸ ಷರತ್ತು ಹಾಕಿದ್ದ ಪ್ರಕರಣ ಅದು. ಆಟ ಶುರುವಾದ ಮೇಲೆ, ಮೂಲ ನಿಯಮದಲ್ಲಿ ಅವಕಾಶ ಇಲ್ಲದಿದ್ದರೆ, ಆಟದ ನಿಯಮ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 7ರಂದು ಹೇಳಿತು. ನೇಮಕಾತಿಯನ್ನು ಕೋರ್ಟೇ ‘ಆಟ’ ಎಂದು ಕರೆದದ್ದು ನನಗೆ ಬಹಳ ಹಿಡಿಸಿತು.

ಭಾರತದ ಫುಟ್‌ಬಾಲ್‌ಗೂ ಬರಹದಲ್ಲಿ ಕೊಟ್ಟ ಒಂದು ಮಾತಿದೆ. 2019ರ ಅಕ್ಟೋಬರ್‌ನಲ್ಲಿ ಏಷ್ಯಾದ ಫುಟ್‌ಬಾಲ್ ಒಕ್ಕೂಟ ಒಪ್ಪಿದ ಯೋಜನೆಯಂತೆ, 2022–23 ಮತ್ತು 2023–24ರಲ್ಲಿ ಐ-ಲೀಗ್ ಗೆದ್ದವರಿಗೆ ಶುಲ್ಕವಿಲ್ಲದೆ ಐಎಸ್‌ಎಲ್‌ಗೆ ಬಡ್ತಿ. 2024–25ರಿಂದ ಮೇಲೇರುವುದೂ ಕೆಳಗಿಳಿಯುವುದೂ ಎರಡೂ ಇರಬೇಕು. ಮೊದಲ ಭಾಗ ನಡೆಯಿತು, ಪಂಜಾಬ್ ಮತ್ತು ಮೊಹಮ್ಮಡನ್ ಮೇಲೆ ಬಂದವು. ಬಾಗಿಲು ತೆರೆಯುವ ಮುನ್ನ, 2020–21 ಮತ್ತು 2021–22ರಲ್ಲಿ ಸತತ ಎರಡು ಬಾರಿ ಗೆದ್ದ ಗೋಕುಲಂ ಕೇರಳಕ್ಕೆ ಸಿಕ್ಕಿದ್ದು ಚಪ್ಪಾಳೆ ಮಾತ್ರ. ಇನ್ನು 2024–25ರ ಐಎಸ್‌ಎಲ್‌ನಿಂದ ಯಾರೂ ಕೆಳಗಿಳಿಯಲಿಲ್ಲ. ಅದೇ ವರ್ಷ ಐ-ಲೀಗ್‌ನಲ್ಲಿ ಏಪ್ರಿಲ್‌ನಲ್ಲಿ ಚರ್ಚಿಲ್ ಬ್ರದರ್ಸ್ ವಿಜೇತರೆಂದು ಘೋಷಣೆಯಾಯಿತು, ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಇಂಟರ್ ಕಾಶಿಯೇ ಚಾಂಪಿಯನ್ ಎಂದಿತು. ಯಾರು ಗೆದ್ದರು ಎಂದು ತಿಳಿಯಲು ಸ್ವಿಟ್ಜರ್ಲೆಂಡಿನ ಕಡೆ ಮುಖ ಮಾಡಬೇಕಾಯಿತು.

ನಮ್ಮೂರಿನ ಇನ್ನೊಂದು ಕ್ಲಬ್ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023–24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಏರಿತು, ಮರುವರ್ಷವೇ ಇಳಿಯಿತು. ಅದು ಸರಿಯಾಗಿಯೇ ಇದೆ. ಆದರೆ ಇಳಿಯುವ ಭಯ ಚಿಕ್ಕ ಕ್ಲಬ್‌ಗೆ ಮಾತ್ರ ಏಕೆ?

ಮೊದಲ ವಿಸಿಲ್ ಊದುವ ಮೊದಲು ಎಐಎಫ್‌ಎಫ್ ಒಂದೇ ಒಂದು ಹಾಳೆ ಹೊರಡಿಸಲಿ: ಎಷ್ಟು ತಂಡ ಏರುತ್ತವೆ, ಎಷ್ಟು ಇಳಿಯುತ್ತವೆ, ಏಷ್ಯಾಕ್ಕೆ ಯಾರು, ದೂರು ಬಂದರೆ ಯಾವ ತಾರೀಕಿನೊಳಗೆ ತೀರ್ಮಾನ. ಆ ಹಾಳೆಯಲ್ಲಿ ಬೆಂಗಳೂರು ಎಫ್‌ಸಿಗೂ ವಿನಾಯಿತಿ ಬೇಡ. 2023–24ರಲ್ಲಿ ನಾವು 12 ತಂಡಗಳಲ್ಲಿ 10ನೆಯವರು. ಕೊನೆಯ ಎರಡು ತಂಡ ಇಳಿಯಬೇಕು ಎಂದಿದ್ದರೆ, ಆ ಮಾರ್ಚ್, ಏಪ್ರಿಲ್ ತಿಂಗಳು ವೆಸ್ಟ್ ಬ್ಲಾಕ್‌ನಲ್ಲಿ ಯಾರ ಬೆರಳಲ್ಲೂ ಉಗುರು ಉಳಿಯುತ್ತಿರಲಿಲ್ಲ.